ಎಂಟು ಬೇರಿಂಗ

ಹಳೇ ಸ್ಟಿಕರ್ ಸೀಮೆಎಣ್ಣಿಗೆ ಬಗ್ಗಲಿಲ್ಲ.
ಉಗುರಲೆ ಕೆರದೆ, ಅಮ್ಮೀ ಈಳಗಿ ತುದೀಲೆ ಕೆರದೆ,
ಕಡೀಕ ಬಿಸಿನೀರಿನ ಅರಬಿ ಒತ್ತಿ ಹಿಡದಾಗ
‘ಕಾಟವೆ’ ಹೋತು, ‘ಬೇರಿಂಗ್ಸ್’ ಉಳೀತು.
ಆಮ್ಯಾಲ ಅದೂ ಹೋತು.
ಹಲಗಿ ಮ್ಯಾಲ ಉಳದದ್ದು ಬಿಳೀ ಒಂದು ಜಾಗಾ,
ಗಡಿಯಾರ ಬಿಚ್ಚಿದ ಮುಂಗೈಯಂಗ.
ಹೊಸಾ ಸ್ಟಿಕರ್ ಸಣ್ಣದು. ಪೂರಾ ಮುಚ್ಚಲಿಲ್ಲ.

ಹೊಸಾ ಕಂಪನಿ ಪುಣೆದ್ದು. ಡಬ್ಬಿಯೊಳಗ ಷರಬತ್ತು ಮಾರತಾರ,
ಕುಡದರ ನಾಲಿಗಿ ನೀಲಿ ಆಗತೈತಿ.
ಹನ್ನೊಂದು ಪುಟದ ಕರಾರು, ಪುಟಕ್ಕೊಂದು ಸಹಿ.
ತಿಂಗಳಿಗೆ ಹನ್ನೆರಡು ವಿಡಿಯೊ, ಡಬ್ಬಿ ಹೆಸರು ಕ್ಯಾಮೆರಾದ ಕಡೆ.
ಬಿದ್ದದ್ದನ್ನ ಅವರನ್ನ ಕೇಳದ ತೋರಸೂಹಂಗಿಲ್ಲ;
ಇನ್ನ ಮ್ಯಾಲ ನಾ ಬೀಳೂದೂ ಅವರದ.
ದಾವಲಸಾಬ ಭಾಳ ಉದ್ದ ಆತು ಅಂದ ಮ್ಯಾನೇಜರ್, ಹಿಂದಿಯೊಳಗ,
ಡೇವ್ ಅಂತ ಇಟ್ಟರ ಹೆಂಗ.
ನಾ ಹೂಂ ಅಂದೆ.
ಪಗಾರ ಹೇಳಿದ ಮ್ಯಾಲ ಅಂದೆ.

ಏಕನಾಥ ಮಾಮಾ ಕೊಟ್ಟದ್ದು ಪಗಾರ ಅಲ್ಲ.
ಕಾರವಾರ ರೋಡಿನ್ಯಾಗ ಅವನ ಅಂಗಡಿ, ಹಿಂದ
ಟ್ರ್ಯಾಕ್ಟರಿನ ಸತ್ತ ಬೇರಿಂಗಿನ ಗುಂಪಿ.
ಏಳನೇ ವರ್ಷಕ್ಕ ಅದರಾಗಿಂದ ಮೂರು ಕದ್ದು
ಹಲಗಿಗೆ ಬಡದು ಗಾಡಿ ಮಾಡಿದ್ದೆ.
ಹಿಡದ. ಬೈಲಿಲ್ಲ. ಒಂದನ್ನ ಬೆರಳಿಗೆ ಹಾಕಿ ತಿರಗಿಸಿ
ನನ್ನ ಕಿವೀ ಹತ್ರ ತಂದ:
“ಕೇಳ. ಅನ್ನದಾಗ ಹಳ್ಳ ಕಡದಂಗ ಸಪ್ಪಳ ಬಂದರ ಸತ್ತೈತಿ.
ಜೇನ ಹಾರಿಧಂಗ ಬಂದರ ಜೀವ ಐತಿ.”
ಹತ್ತು ವರ್ಷದ ಮ್ಯಾಲ ನಾಕು ಮಂದಿಗೆ ಟೀಶರ್ಟು ಮಾಡಿಸಿದ,
ಬೆನ್ನಿಗೆ ಫೋನ್ ನಂಬರು, ಕೆಳಗ ‘ಬೆಲ್ಟ್, ಗ್ರೀಸ್ ಸಿಗುತ್ತವೆ’.
ಗೋವಾದಾಗ ನಾ ಗೆದ್ದಾಗ
ಆ ನಂಬರಿಗೆ ಬಂದದ್ದು ಎರಡ ಫೋನು.
ಒಂದು ರಾಂಗ್ ನಂಬರ್.

ಉಣಕಲ್ ಕೆರಿ ಮೆಟ್ಟಲ ಹತ್ರ ಮೂವರಿಗೂ ಹೇಳಿದೆ.
ಶಾಕಂಬರಿ ಗಾಲಿಯಾಗಿನ ಎರಿಮಣ್ಣ ಕಡ್ಡೀಲೆ ತಗೀಲಿಕತ್ತಿದ್ಲು,
ತಗಕೋತನ ಇದ್ಲು.
“ನಮ್ಮನ್ನೂ ಕರಸ್ತಿ ಹೌದಿಲ್ಲೊ?” ಅಂದ ಗುದ್ಲೆಪ್ಪ,
ನಕ್ಕೋತ ಅಂದ, ನಗು ಲಗೂನ ಮುಗೀತು.
ಫಕೀರೇಶ ಏನೂ ಅನ್ನಲಿಲ್ಲ.
ಅವನ ಹಿಮ್ಮಡದಾಗ ಎರಡು ಸ್ಕ್ರೂ ಅದಾವ,
ನನ್ನ ವಿಡಿಯೊ ಹಿಡಕೋತ ಹಿಂದಹಿಂದಕ ಸರದು ಬಿದ್ದ ದಿನದ್ದು.
ಪುಣೆದವರು ನೋಡಿದ್ದು ಅದ ವಿಡಿಯೊ.

ನೃಪತುಂಗ ಬೆಟ್ಟದಾಗ ಹೊಸಾ ಟೀಮಿನ ಮೊದಲ ಶೂಟಿಂಗ್.
ಹನ್ನೊಂದು ಮೆಟ್ಟಲ. ಇಪ್ಪತ್ಮೂರು ಸಲ ಹಾರಿದೆ,
ಇಪ್ಪತ್ಮೂರು ಸಲ ಅಂಗಿ ಝಾಡಿಸಿದೆ.
ಪುಣೆ ಹುಡುಗರಿಬ್ಬರು ಛತ್ರಿ ನೆರಳಾಗ ಕುಂತು ನೋಡತಿದ್ರು.
ಛಲೋ ಹುಡುಗರು, ನೀರು ಕೊಟ್ರು.
ಆದರ ಬಿದ್ದಾಗ ಒಬ್ಬರೂ
“ಯಾಕಲೇ, ನೆಲಕ್ಕ ಮುದ್ದ ಕೊಡಾಕ ಬಂದಿಯೇನು” ಅನ್ನಲಿಲ್ಲ.
“ನೆಕ್ಸ್ಟ್” ಅಂದ್ರು.
ಸಂಜೀಗೆ ಹಿಂದಿನ ಬಲಗಾಲಿ ನಿಂತ ಬಿಡತು.
ಕಂಪನಿ ಕಳಿಸಿದ ಬೇರಿಂಗಿನ್ಯಾಗ ನಮ್ಮ ಮಣ್ಣ ಹೊಕ್ಕಿತ್ತು.
ನಾಳಿ ಏಳಕ್ಕ ಮತ್ತ ಅದ ಮೆಟ್ಟಲ.

ಒಂಬತ್ತೂವರಿಗೆ ಕಾರವಾರ ರೋಡಿಗೆ ಹೋದೆ.
ಶಟರ್ ಅರ್ಧ ಇಳದಿತ್ತು, ಬಗ್ಗಿ ಒಳಗ ಹೊಕ್ಕೆ.
ಮಾಮಾ ಚಷ್ಮಾ ಏರಿಸಿದ. ಹಲಗಿ ಬೋರಲ ಹಾಕಿ
ಹೊಸಾ ಸ್ಟಿಕರಿನ ಹೊರಗ ಉಳದ ಬಿಳೀ ಅಂಚಿನ ಮ್ಯಾಲ
ಹೆಬ್ಬಟ್ಟು ಒಮ್ಮಿ ಆಡಿಸಿದ,
ಧೂಳ ಐತೇನ ನೋಡಿಧಂಗ.
ಎಂಟೂ ತಗದ. ಎಂಟು ಹೊಸಾವು ಹಾಕಿದ.
ಕೈ ಒರಸಿಕೊಂಡ. ಕಿವೀ ಹತ್ರ ಹಿಡೀಲಿಲ್ಲ.

“ಎಷ್ಟಾತು ಮಾಮಾ?” ಅಂದೆ, ರೂಢಿಗೆ.
ಹದಿಮೂರು ವರ್ಷ ಆ ಮಾತಿಗೆ ಉತ್ತರ ‘ನಡಿ ನಡಿ’.

“ಮುನ್ನೂರಾ ಇಪ್ಪತ್ತು.”

ಐನೂರರ ನೋಟು ಕೊಟ್ಟೆ. ದೀಪದ ಕಡೆ ಹಿಡದು ನೋಡಿದ,
ನೂರಾ ಎಂಬತ್ತು ಎಣಿಸಿ ಗಾಜಿನ ಮ್ಯಾಲ ಇಟ್ಟ.
ಆಮ್ಯಾಲ ಬಿಲ್ಲಿನ ಪುಸ್ತಕ ತಗದು
ಕಾರ್ಬನ್ ಹಾಳಿ ಸರಿಮಾಡಿ
ತಲೀ ಎತ್ತದ ಕೇಳಿದ:
“ಹೆಸರು ಏನಂತ ಬರೀಲಿ?”